ಹಬ್ಬದ ಪುರವಣಿ ಮೂರು ವಾರ ಮುಂಚೆ ಬರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಹಬ್ಬದ ಪುರವಣಿಗಳನ್ನು ನಾನು ತಪ್ಪದೆ ಓದುತ್ತೇನೆ. ಯುಗಾದಿಯದು, ಗೌರಿ-ಗಣೇಶನದು, ದಸರಾ, ದೀಪಾವಳಿ, ಈಗ ಬರುವ ಸಂಕ್ರಾಂತಿಯದು. ಚಂದದ ಫೋಟೊ ಇರುತ್ತವೆ, ಅಡುಗೆ ಇರುತ್ತದೆ, ಯಾವ ಬಡಾವಣೆಯಲ್ಲಿ ಏನು ಸಿಗುತ್ತದೆ ಅನ್ನುವ ಪಟ್ಟಿ ಇರುತ್ತದೆ. ಎಲ್ಲ ಸರಿ. ಆದರೆ ಅದು ನಮ್ಮ ಕೈ ಸೇರುವುದು ಹಬ್ಬದ ಹಿಂದಿನ ದಿನ, ಇಲ್ಲವೇ ಹಬ್ಬದ ಬೆಳಿಗ್ಗೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಏನನ್ನೂ ಶುರು ಮಾಡಲು ಆಗುವುದಿಲ್ಲ. ಎಳ್ಳು ಮಾಡುವ ವಿಧಾನವನ್ನು ಜನವರಿ 13ನೇ ತಾರೀಖು ಓದಿದರೆ ಕೊಬ್ಬರಿ ಹೆಚ್ಚುವುದು ಯಾವಾಗ, ಬೆಲ್ಲ ಒಣಗುವುದು ಯಾವಾಗ? ಅಂಗಡಿಗೆ ಹೋಗಿ ಪ್ಯಾಕೆಟ್ ತರುವುದೊಂದೇ ಉಳಿಯುತ್ತದೆ ಅಲ್ವಾ.

ಹಾಗಾಗಿ ಈ ಪತ್ರ. ನನ್ನ ಕೋರಿಕೆ ಒಂದೇ. ಹಬ್ಬದ ಪುರವಣಿಯಲ್ಲಿ ಮನೆಯಲ್ಲಿ ಮಾಡುವ ಅಲಂಕಾರ ಮತ್ತು ತಿಂಡಿಯ ಪುಟಗಳನ್ನು ಮೂರು ವಾರ ಮುಂಚೆ ಪ್ರಕಟಿಸಿ. ಸಣ್ಣ ವಿಷಯ ಅಂತ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ನಮ್ಮ ಮನೆಗಳಲ್ಲಿ ಹಬ್ಬದ ಕೈಕೆಲಸ ನಿಂತು ಹೋಗುತ್ತಿರುವುದಕ್ಕೆ ಸೋಮಾರಿತನ ಕಾರಣ ಅಂತ ಹಿರಿಯರು ಬೈಯುತ್ತಾರೆ, ಆಸಕ್ತಿ ಇಲ್ಲ ಅಂತ ಮಕ್ಕಳನ್ನು ದೂರುತ್ತಾರೆ. ನಾನು ನೋಡಿದಂತೆ ಆಸಕ್ತಿ ಇದೆ, ಕೈಯೂ ಇದೆ. ಯಾವಾಗ ಶುರು ಮಾಡಬೇಕು ಅನ್ನುವುದು ಮರೆತುಹೋಗಿದೆ.

ಸಂಕ್ರಾಂತಿಯನ್ನೇ ತೆಗೆದುಕೊಳ್ಳಿ. ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಅಲ್ಲಿ ಸಂಕ್ರಾಂತಿ ಕೆಲಸ ಶುರುವಾಗುತ್ತಿದ್ದದ್ದು ಕಾರ್ತಿಕದ ಕೊನೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ. ದೊಡ್ಡ ಬಸವಣ್ಣನ ದರ್ಶನ ಮಾಡಿಕೊಂಡು, ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಗುಡ್ಡೆ ಹಾಕಿದ ಕಡಲೆಕಾಯಿಯಲ್ಲಿ ಒಂದಷ್ಟು ತಿನ್ನಲು, ಒಂದಷ್ಟು ಎಳ್ಳಿಗೆ ಅಂತ ಬೇರೆ ಬೇರೆ ಚೀಲದಲ್ಲಿ ತರುತ್ತಿದ್ದೆವು. ಎಳ್ಳಿನ ಕಡಲೆಕಾಯಿಯನ್ನು ಅಮ್ಮ ಬಿಸಿಲಿಗೆ ಹಾಕಿ ಎತ್ತಿಡುತ್ತಿದ್ದರು. ಆಮೇಲೆ ಡಿಸೆಂಬರ್ ಕೊನೆಯಲ್ಲಿ ತಿಪಟೂರಿನ ಉಂಡೆ ಕೊಬ್ಬರಿ, ಮಂಡ್ಯದ ಅಚ್ಚು ಬೆಲ್ಲ. ಬೆಲ್ಲ ಗಟ್ಟಿಯಾಗಿರಬೇಕು, ಮೆತ್ತಗಿದ್ದರೆ ತುಂಡು ಮಾಡುವಾಗ ಪುಡಿಯಾಗುತ್ತದೆ.

ಕೊಬ್ಬರಿಯ ಮೇಲಿನ ಕಂದು ಸಿಪ್ಪೆಯನ್ನು ಹೆರೆದು ತೆಗೆಯಬೇಕು. ಬಿಳಿ ಕೊಬ್ಬರಿಯನ್ನು ತೆಳ್ಳಗೆ ಸೀಳಿ ಅಡಕತ್ತರಿಯಲ್ಲಿ ಸಣ್ಣಗೆ ಹೆಚ್ಚಬೇಕು. ಬೆಲ್ಲವೂ ಅಷ್ಟೇ ಗಾತ್ರಕ್ಕೆ ಬರಬೇಕು. ಎರಡನ್ನೂ ಬೇರೆ ಬೇರೆ ಹರಡಿ ಎರಡು ಮೂರು ದಿನ ಬಿಸಿಲು ಕಾಣಿಸಬೇಕು. ಕಡಲೆಬೀಜ ಹುರಿದು, ಉಜ್ಜಿ, ಸಿಪ್ಪೆ ಊದಿ, ಬೇಳೆ ಬಿಡಿಸಬೇಕು. ಬಿಳಿ ಎಳ್ಳನ್ನು ಚಟಪಟ ಅನ್ನುವವರೆಗೆ ಹದವಾಗಿ ಹುರಿಯಬೇಕು. ಹುರಿಗಡಲೆ ಹಾಗೇ ಸೇರುತ್ತದೆ. ಎಲ್ಲವನ್ನೂ ಬೆರೆಸುವುದು ಹಬ್ಬದ ಹಿಂದಿನ ದಿನವೇ. ಮೊದಲೇ ಬೆರೆಸಿದರೆ ಬೆಲ್ಲ ನೀರೊಡೆದು ಎಳ್ಳೆಲ್ಲ ಅದಕ್ಕೆ ಮೆತ್ತಿಕೊಳ್ಳುತ್ತದೆ. ನಮ್ಮ ಮನೆಯ ಅಳತೆ ಸುಲಭ. ಕೊಬ್ಬರಿ, ಬೆಲ್ಲ, ಕಡಲೆಬೀಜ, ಹುರಿಗಡಲೆ ಒಂದೊಂದು ಪಾವು, ಎಳ್ಳು ಅರ್ಧ ಪಾವು. ಮಕ್ಕಳಿಗೆ ಇಷ್ಟ ಅಂತ ಮೇಲೆ ಒಂದು ಹಿಡಿ ಬಣ್ಣದ ಜೀರಿಗೆ ಪೆಪ್ಪರ್‌ಮೆಂಟ್.

ಇದರಲ್ಲಿ ಕಷ್ಟದ ಕೆಲಸ ಒಂದೂ ಇಲ್ಲ. ಎಲ್ಲವೂ ನಿಧಾನದ ಕೆಲಸ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಮಾಡಿದರೆ ಮುಗಿಯುತ್ತದೆ. ಅದೇ ಒಂದು ದಿನದಲ್ಲಿ ಮಾಡಲು ಕೂತರೆ ಬೆರಳು ಬೊಬ್ಬೆ ಬರುತ್ತದೆ, ಬಿಸಿಲೂ ಸಿಗುವುದಿಲ್ಲ, ಮುಂದಿನ ವರ್ಷ ಬೇಡವೇ ಬೇಡ ಅನಿಸುತ್ತದೆ. ಹಾಗೆ ಬಿಟ್ಟವರು ನಮ್ಮ ನೆಂಟರಲ್ಲೇ ಬೇಕಾದಷ್ಟು ಜನ ಇದ್ದಾರೆ.

ಮನೆಯಲ್ಲಿ ಮಾಡಿದ ಎಳ್ಳಿಗೆ ಇನ್ನೊಂದು ಗುಣ ಇತ್ತು. ವಠಾರದಲ್ಲಿ ಎಲ್ಲರ ಮನೆಯಿಂದಲೂ ಎಳ್ಳು ಬರುತ್ತಿತ್ತು, ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಮೂಲೆಮನೆ ಅಜ್ಜಿಯ ಎಳ್ಳಿನಲ್ಲಿ ಕೊಬ್ಬರಿ ಅಕ್ಕಿಕಾಳಿನಷ್ಟು ಸಣ್ಣ. ಮೇಲ್ಮನೆಯವರದು ಬೆಲ್ಲ ಜಾಸ್ತಿ. ಡಬ್ಬಿ ಮುಚ್ಚಳ ತೆಗೆದರೆ ಯಾರ ಮನೆಯದು ಅಂತ ನಾವು ಹುಡುಗಿಯರು ಹೇಳಿಬಿಡುತ್ತಿದ್ದೆವು. ಈಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಕ್ರಾಂತಿ ಸಂಜೆ ನಾಲ್ಕು ಮನೆಯವರು ಎಳ್ಳು ಕೊಟ್ಟರೆ ನಾಲ್ಕೂ ಒಂದೇ ಅಂಗಡಿಯ ಪ್ಯಾಕೆಟ್ ಆಗಿರುತ್ತದೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಅಂತ ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ನಾನು ಕೊಟ್ಟದ್ದನ್ನೇ ನೀವು ನನಗೆ ಕೊಟ್ಟ ಹಾಗೆ ಆಗುತ್ತದೆ.

ಸಕ್ಕರೆ ಅಚ್ಚಿನ ವಿಷಯ ಸ್ವಲ್ಪ ಬೇರೆ. ಇದು ನಿಜಕ್ಕೂ ಕಲಿಯಬೇಕಾದ ಕೆಲಸ. ಮರದ ಅಚ್ಚುಗಳನ್ನು ಮುಂಚೆಯೇ ನೀರಿನಲ್ಲಿ ನೆನೆಸಿ, ಎರಡು ಹೋಳನ್ನು ಜೋಡಿಸಿ ದಾರವನ್ನೋ ರಬ್ಬರ್ ಬ್ಯಾಂಡನ್ನೋ ಬಿಗಿಯಾಗಿ ಕಟ್ಟಬೇಕು. ಒದ್ದೆ ಇಲ್ಲದಿದ್ದರೆ ಪಾಕ ಮರಕ್ಕೆ ಹಿಡಿದುಕೊಳ್ಳುತ್ತದೆ, ಆನೆಯ ಸೊಂಡಿಲು ಮುರಿದೇ ಹೊರಗೆ ಬರುತ್ತದೆ. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಸ್ವಲ್ಪ ಹಾಲು ಹಾಕಿದರೆ ಕೊಳೆಯೆಲ್ಲ ಹಾಲಿನ ಜೊತೆ ಒಡೆದು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ತೆಳು ಬಟ್ಟೆಯಲ್ಲಿ ಸೋಸಬೇಕು. ಸೋಸಿದ ಪಾಕವನ್ನು ಒಂದೇ ಸಲಕ್ಕೆ ಕಾಯಿಸಬಾರದು. ಸಣ್ಣ ಬಾಣಲೆಯಲ್ಲಿ ಒಂದೊಂದು ಲೋಟದಷ್ಟೇ ಹಾಕಿ, ಎರಡು ಹನಿ ನಿಂಬೆರಸ ಬಿಟ್ಟು, ಕೈಬಿಡದೆ ತಿರುವುತ್ತಾ ಇರಬೇಕು. ಪಾರದರ್ಶಕವಾಗಿದ್ದ ಪಾಕ ಅಂಚಿನಲ್ಲಿ ಬೆಳ್ಳಗಾಗಲು ಶುರುವಾಗುವ ಒಂದು ಗಳಿಗೆ ಇದೆ. ಆಗ ತಕ್ಷಣ ಅಚ್ಚಿಗೆ ಸುರಿಯಬೇಕು. ಬೇಗ ಸುರಿದರೆ ಗಟ್ಟಿಯಾಗುವುದಿಲ್ಲ. ತಡ ಮಾಡಿದರೆ ಬಾಣಲೆಯಲ್ಲೇ ಕಲ್ಲಾಗುತ್ತದೆ.

ಆ ಗಳಿಗೆ ಯಾವುದು ಅಂತ ನಾನು ಅಮ್ಮನನ್ನು ಎಷ್ಟೋ ಸಲ ಕೇಳಿದ್ದೇನೆ. "ಪಕ್ಕದಲ್ಲಿ ನಿಂತು ನೋಡ್ಕೊಳ್ಳೆ, ಬಾಯಲ್ಲಿ ಹೇಳಕ್ಕಾಗಲ್ಲ" ಅಂದಿದ್ದರು. ಪಕ್ಕದಲ್ಲಿ ನಿಂತೇ ಕಲಿತೆ. ಈಗ ನನ್ನ ಮಗಳು ಪಕ್ಕದಲ್ಲಿ ನಿಲ್ಲುತ್ತಾಳೆ. ಅವಳು ಫೋನಿನಲ್ಲಿ ವಿಡಿಯೊ ಕೂಡ ಮಾಡಿಟ್ಟುಕೊಂಡಿದ್ದಾಳೆ, ಅದೂ ಒಳ್ಳೆಯದೇ. ನವಿಲು, ಗಿಳಿ, ಆನೆ, ಮೀನು, ಗೋಪುರ, ತುಳಸಿಕಟ್ಟೆ, ಹೀಗೆ ನಮ್ಮ ಮನೆಯ ಅಚ್ಚುಗಳು ಅಜ್ಜಿಯ ಕಾಲದ ತೇಗದ ಮರದವು. ಮನೆಯಲ್ಲಿ ಇಲ್ಲದವರು ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೋ ಹಬ್ಬಕ್ಕೆ ಮುಂಚೆ ಹುಡುಕಿದರೆ ಸಿಗುತ್ತವೆ. ಅದಕ್ಕಿಂತ ಮೊದಲು ಊರಿನಲ್ಲಿರುವ ದೊಡ್ಡಮ್ಮನಿಗೋ ಸೋದರತ್ತೆಗೋ ಒಂದು ಫೋನ್ ಮಾಡಿ ಕೇಳಿ. ಎಷ್ಟೋ ಮನೆಗಳ ಅಟ್ಟದಲ್ಲಿ ಹಳೆ ಟ್ರಂಕಿನೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಅಚ್ಚುಗಳು ಇವೆ, ಕೇಳುವವರಿಲ್ಲದೆ ಇವೆ.

ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಣ್ಣದ ಕಾಟನ್ ಕ್ಯಾಂಡಿಯನ್ನೂ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿತು. ಪರೀಕ್ಷೆ ಮಾಡಿದ ಮಾದರಿಗಳಲ್ಲಿ ರೋಡಮಿನ್-ಬಿ ಸಿಕ್ಕಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ. ಅಂಗಡಿಯ ಸಕ್ಕರೆ ಅಚ್ಚಿಗೆಲ್ಲ ಅದನ್ನೇ ಹಾಕುತ್ತಾರೆ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಅನ್ಯಾಯ. ಆದರೆ ಕಡುಗುಲಾಬಿ ಬಣ್ಣದ ಗಿಳಿಯನ್ನು ಮಗುವಿನ ಕೈಗೆ ಕೊಡುವಾಗ ಅದರಲ್ಲಿ ಏನಿದೆ ಅಂತ ನಮಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಮಾಡಿದರೆ ಗೊತ್ತಿರುತ್ತದೆ. ನಾವು ಬಿಳಿಯಲ್ಲೇ ಬಿಡುತ್ತೇವೆ, ಒಂದೆರಡಕ್ಕೆ ಮಾತ್ರ ಕೇಸರಿ ಹಾಲು ಹಾಕುತ್ತೇವೆ.

ಈಗ ಮುಖ್ಯವಾದ ಇನ್ನೊಂದು ವಿಷಯ. ಈ ಪತ್ರ ಓದಿ ಯಾರಾದರೂ ತಮ್ಮ ಹೆಂಡತಿಗೋ ಸೊಸೆಗೋ "ನೋಡು, ಮನೆಯಲ್ಲೇ ಮಾಡಬೇಕಂತೆ" ಅಂದರೆ ನನಗೆ ತುಂಬಾ ಬೇಸರವಾಗುತ್ತದೆ. ಹಬ್ಬ ಬಂತೆಂದರೆ ಹೆಂಗಸರ ಸೊಂಟ ಬೀಳುತ್ತದೆ ಅನ್ನುವುದು ಸುಳ್ಳಲ್ಲ. ನಮ್ಮಮ್ಮನ ಕಾಲದಲ್ಲಿ ಒಬ್ಬರು ಹುರಿಯುತ್ತಿದ್ದರೆ ಇನ್ನೊಬ್ಬರು ಹೆಚ್ಚುತ್ತಿದ್ದರು, ಅತ್ತೆ, ಓರಗಿತ್ತಿ, ಪಕ್ಕದ ಮನೆಯವರು ಎಲ್ಲ ಸೇರುತ್ತಿದ್ದರು. ಈಗ ಫ್ಲಾಟಿನಲ್ಲಿ ಇಬ್ಬರು ದೊಡ್ಡವರು, ಇಬ್ಬರೂ ಕೆಲಸಕ್ಕೆ ಹೋಗುವವರು, ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಬೆಂದು ರಾತ್ರಿ ಎಂಟೂವರೆಗೆ ಮನೆ ಸೇರುವವರು. ಅಂಥ ಮನೆಯಲ್ಲಿ ಹಳೆಯ ಪಟ್ಟಿಯನ್ನೆಲ್ಲ ಒಬ್ಬಳ ಮೇಲೆ ಹೇರಿದರೆ ಸಂಪ್ರದಾಯ ಉಳಿಯುವುದಿಲ್ಲ, ಅವಳಿಗೆ ಹಬ್ಬದ ಮೇಲೇ ಜಿಗುಪ್ಸೆ ಬರುತ್ತದೆ. ಕೊಂಡು ತರುವುದು ತಪ್ಪಲ್ಲ. ಬಸವನಗುಡಿ, ಮಲ್ಲೇಶ್ವರದ ಕಡೆ ಮನೆಯಲ್ಲೇ ಎಳ್ಳು, ಚಕ್ಕುಲಿ, ಒಬ್ಬಟ್ಟು ಮಾಡಿ ಮಾರಿ ಸಂಸಾರ ನಡೆಸುವ ಎಷ್ಟೋ ಹೆಂಗಸರಿದ್ದಾರೆ. ಅವರಿಂದ ಕೊಂಡರೆ ಸಂತೋಷವೇ.

ನಾನು ಹೇಳುವುದು ಇಷ್ಟೇ. ಒಂದು ಹಬ್ಬಕ್ಕೆ ಒಂದು ವಸ್ತು. ಉಳಿದದ್ದು ಅಂಗಡಿಯಿಂದ ಬರಲಿ. ಆ ಒಂದಕ್ಕೆ ಮಾತ್ರ ಮನೆಯವರೆಲ್ಲ ಕೈ ಹಾಕಲಿ. ನಮ್ಮ ಮನೆಯಲ್ಲಿ ಕೊಬ್ಬರಿ ಹೆಚ್ಚುವುದು ನಮ್ಮ ಯಜಮಾನರ ಕೆಲಸ. ಕ್ರಿಕೆಟ್ ನೋಡುತ್ತಾ ಮುಂದೆ ಪೇಪರ್ ಹಾಸಿಕೊಂಡು ಅಡಕತ್ತರಿ ಹಿಡಿದು ಕೂರುತ್ತಾರೆ. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆಯವರೇ ಅವರ ಕೈಗೆ ಅಡಕತ್ತರಿ ಕೊಟ್ಟು ಕೂರಿಸಿದ್ದು, ಆ ಮಹಾತಾಯಿಗೆ ನಾನು ಯಾವತ್ತೂ ಋಣಿ. ಕಡಲೆಬೀಜದ ಸಿಪ್ಪೆ ಊದುವುದು ಮಗನದು, ಬಾಲ್ಕನಿಯಲ್ಲೇ ಊದಬೇಕು ಅನ್ನುವುದು ಕಟ್ಟಳೆ. ಅಚ್ಚು ಕಟ್ಟುವುದು ಮಗಳದು. ಅಮ್ಮನಿಗೆ ಈಗ ಕೈ ನಡುಗುತ್ತದೆ, ಅವರು ಕುರ್ಚಿಯಲ್ಲಿ ಕೂತು ಎಳ್ಳು ಆರಿಸುತ್ತಾರೆ, ಜೊತೆಗೆ ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುತ್ತಾರೆ. ಆ ಅರ್ಧ ಗಂಟೆಯಲ್ಲಿ ಬರುವ ಮಾತುಗಳಿವೆಯಲ್ಲ, ಅಜ್ಜಿಯ ಊರಿನ ಕಬ್ಬಿನ ಗದ್ದೆ, ದನಗಳಿಗೆ ಕಿಚ್ಚು ಹಾಯಿಸುವಾಗ ತಾತ ಹೆದರಿ ಓಡಿದ್ದು, ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ಮಕ್ಕಳ ತಲೆ ಮೇಲೆ ಎರೆಯುತ್ತಿದ್ದದ್ದು, ಇವೆಲ್ಲ ಬೇರೆ ಯಾವ ಹೊತ್ತಿನಲ್ಲೂ ನಮ್ಮ ಮನೆಯಲ್ಲಿ ಬರುವುದಿಲ್ಲ. ಎಲ್ಲರೂ ಒಂದೇ ಕಡೆ ಕೂತು ಕೈಗೆ ಕೆಲಸ ಇದ್ದಾಗ ಮಾತ್ರ ಬರುತ್ತವೆ.

ತಿಂಡಿಯದು ಹೀಗಾದರೆ ಅಲಂಕಾರದ್ದೂ ಇದೇ ಕಥೆ. ಗೌರಿ ಹಬ್ಬಕ್ಕೆ ಗೆಜ್ಜೆವಸ್ತ್ರ ಬೇಕು. ಅಂಗಡಿಯಲ್ಲಿ ಮಿಂಚು ಹಚ್ಚಿ ಪ್ಲಾಸ್ಟಿಕ್ ಮಣಿ ಅಂಟಿಸಿದ್ದು ಸಿಗುತ್ತದೆ. ಮನೆಯಲ್ಲಿ ಮಾಡುವುದಕ್ಕೆ ಬೇಕಾಗಿರುವುದು ಬೀಜ ತೆಗೆದ ಹತ್ತಿ, ಒಂದು ಬಟ್ಟಲು ಹಾಲು, ಅರಿಶಿನ, ಕುಂಕುಮ. ಹತ್ತಿಯನ್ನು ಬಿಡಿಸಿ ಮೋಡದ ಹಾಗೆ ಹಗುರ ಮಾಡಿ, ಬೆರಳಿಗೆ ಹಾಲು ಸವರಿಕೊಂಡು ಎಳೆಯುತ್ತಾ ಹೊಸೆಯುತ್ತಾ ಹೋದರೆ ನಡುನಡುವೆ ಗೆಜ್ಜೆ ಮೂಡುತ್ತದೆ. ಗೌರಿಗೆ 16 ಗಂಟಿನ ದಾರ ಇರುವ ಹಾಗೆ ಗೆಜ್ಜೆಯನ್ನೂ 16 ಮಾಡುವವರಿದ್ದಾರೆ, ಗಣೇಶನಿಗೆ 21 ಗರಿಕೆ, 21 ಕಡುಬು ಇರುವುದರಿಂದ 21 ಗೆಜ್ಜೆ ಮಾಡುವವರೂ ಇದ್ದಾರೆ. ನಮ್ಮ ದೊಡ್ಡಮ್ಮ ಆಷಾಢದಲ್ಲೇ ಶುರು ಮಾಡುತ್ತಿದ್ದರು. ಆಷಾಢದಲ್ಲಿ ಶುಭಕಾರ್ಯ ಇರುವುದಿಲ್ಲ, ಮಳೆ, ಮಧ್ಯಾಹ್ನ ಕೈ ಖಾಲಿ. ವರಮಹಾಲಕ್ಷ್ಮಿ ಬರುವ ಹೊತ್ತಿಗೆ ಡಬ್ಬಿ ತುಂಬಿರುತ್ತಿತ್ತು, ಅಕ್ಕತಂಗಿಯರ ಮನೆಗೆಲ್ಲ ಹಂಚುತ್ತಿದ್ದರು. ಹಬ್ಬದ ಹಿಂದಿನ ರಾತ್ರಿ ಹತ್ತಿ ಹಿಡಿದು ಕೂತವರನ್ನು ನಾನು ಆ ಮನೆಯಲ್ಲಿ ಕಂಡಿಲ್ಲ.

ಗಣೇಶನ ಮಂಟಪದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಕೋಪವೇ ಬರುತ್ತದೆ. ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರು ಸ್ಪಷ್ಟವಾಗಿ ಇದೆ. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಮಾರ್ಗಸೂಚಿಯಲ್ಲೂ ಮೂರ್ತಿಗೆ ಜೇಡಿಮಣ್ಣೇ ಬೇಕು, ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ), ಪ್ಲಾಸ್ಟಿಕ್, ಥರ್ಮೋಕೋಲ್ ಬೇಡ ಅಂತ ಇದೆ. ಆದರೂ ಹಬ್ಬದ ಮುಂಚೆ ಪೇಟೆಯಲ್ಲಿ ಥರ್ಮೋಕೋಲ್ ಮಂಟಪಗಳು ಕಾಣುತ್ತವೆ. ನಮ್ಮ ಅಪಾರ್ಟ್‌ಮೆಂಟಿನಲ್ಲೂ ಒಂದು ವರ್ಷ ಅಲಂಕಾರವನ್ನು ಕಂಟ್ರಾಕ್ಟ್ ಕೊಟ್ಟಿದ್ದರು. ಲಾರಿಯಲ್ಲಿ ಬಂತು, ಒಂದೇ ಮಧ್ಯಾಹ್ನದಲ್ಲಿ ನಿಂತಿತು, ಮೂರು ದಿನಕ್ಕೆ ಕಸವಾಯಿತು. ನಮ್ಮ ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು, ಅಷ್ಟೇ ಅವರ ಪಾಲು. ಕೇಳಿದರೆ ಸಮಿತಿಯವರು "ಟೈಮ್ ಇರಲಿಲ್ಲ ಮೇಡಂ, ಹತ್ತು ದಿನದಲ್ಲಿ ಇನ್ನೇನು ಮಾಡೋದು" ಅಂದರು. ಅವರ ಮಾತಿನಲ್ಲಿ ಸತ್ಯ ಇತ್ತು. ಹತ್ತು ದಿನದಲ್ಲಿ ಕಂಟ್ರಾಕ್ಟ್ ಬಿಟ್ಟು ಬೇರೆ ಏನೂ ಆಗುವುದಿಲ್ಲ.

ಮುಂದಿನ ವರ್ಷ ನಾವು ಕೆಲವರು ಒಂದು ತಿಂಗಳು ಮುಂಚೆಯೇ ಸಭೆಯಲ್ಲಿ ಈ ಮಾತು ಎತ್ತಿದೆವು. ಹಳೆ ನ್ಯೂಸ್‌ಪೇಪರ್, ಮೈದಾ ಅಂಟು, ರದ್ದಿ ರಟ್ಟು, ಗಾಳಿಪಟದ ಬಣ್ಣದ ಕಾಗದ. ಮಕ್ಕಳು ಪ್ರತಿ ಶನಿವಾರ ಕ್ಲಬ್‌ಹೌಸಿನಲ್ಲಿ ಕೂತು ಕಮಲದ ಹೂ ಮಾಡಿದರು. ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿನಿಂದ ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆ ಬಂತು. ತೋರಣದ ಸೊಪ್ಪು ಮಡಿಸಿ ಕಡ್ಡಿ ಚುಚ್ಚುವುದನ್ನು ಸೆಕ್ಯುರಿಟಿ ಕೆಲಸದ ಅಣ್ಣ ಒಬ್ಬರು ಹುಡುಗರಿಗೆ ಕಲಿಸಿದರು, ಅವರು ರಾಯಚೂರು ಕಡೆಯವರು, ಕೈಯಲ್ಲಿ ಎಂಥ ಚುರುಕು ಅಂತೀರಿ. ಮಂಟಪ ಸ್ವಲ್ಪ ಓರೆಯಾಗಿತ್ತು. ಒಂದೆರಡು ಕಮಲ ಕಮಲದ ಹಾಗೆ ಇರಲಿಲ್ಲ. ಆದರೆ ಪ್ರತಿಯೊಂದು ಮಗುವೂ ಅಜ್ಜಿಯ ಕೈ ಹಿಡಿದು ಎಳೆದುಕೊಂಡು ಬಂದು "ಇದು ನಂದು" ಅಂತ ತೋರಿಸಿತು. ಲಾರಿಯಲ್ಲಿ ಬಂದ ಮಂಟಪದ ಮುಂದೆ ಹಾಗೆ ಯಾರೂ ಮಾಡಿರಲಿಲ್ಲ.

ಕೆಲವು ಮನೆಗಳಲ್ಲಿ ಅಲಂಕಾರವೂ ತಿಂಡಿಯೂ ಒಂದೇ ಆಗಿರುತ್ತದೆ, ಅದು ನನಗೆ ಬಹಳ ಇಷ್ಟ. ಕೃಷ್ಣಾಷ್ಟಮಿಗೆ ಚಕ್ಕುಲಿ, ಕೋಡುಬಳೆಗಳನ್ನು ದಾರಕ್ಕೆ ಪೋಣಿಸಿ ಮಂಟಪದ ಮೇಲೆ ತೂಗುಹಾಕುತ್ತಾರೆ. ಬಾಗಿಲಿನಿಂದ ದೇವರ ಮನೆಯವರೆಗೆ ಅಕ್ಕಿಹಿಟ್ಟಿನಲ್ಲಿ ಪುಟ್ಟ ಪಾದ. ಪೂಜೆ ಮುಗಿದ ಮೇಲೆ ಮಕ್ಕಳನ್ನು ಎತ್ತಿ ಹಿಡಿದು ಕೋಡುಬಳೆ ಕೀಳಿಸುತ್ತಾರೆ. ಪಾದವನ್ನು ಸ್ಟಿಕರ್‌ನಲ್ಲೂ ಅಂಟಿಸಬಹುದು, ನಿಜ. ಮುಷ್ಟಿ ಕಟ್ಟಿ ಹಿಟ್ಟಿನ ನೀರಿನಲ್ಲಿ ಅದ್ದಿ ಒತ್ತಿ, ಮೇಲೆ ಐದು ಬೆರಳಿನ ಚುಕ್ಕೆ ಇಡಲು ನಾಲ್ಕು ವರ್ಷದ ಮಗುವಿಗೂ ಬರುತ್ತದೆ. ಅದಕ್ಕೆ ಸ್ಟಿಕರ್ ಯಾಕೆ?

ದಸರಾ ಗೊಂಬೆಯ ಬಗ್ಗೆ ಬರೆಯಲು ಹೊರಟರೆ ಈ ಪತ್ರ ಮುಗಿಯುವುದಿಲ್ಲ. ಮೈಸೂರು ಅರಮನೆಯಲ್ಲೇ ಗೊಂಬೆ ತೊಟ್ಟಿ ಇದೆ, ನಮ್ಮ ಸೀಮೆಯಲ್ಲಿ ಗೊಂಬೆ ಕೂರಿಸುವುದಕ್ಕೆ ಅಷ್ಟು ಹಿಂದಿನ ನಂಟು. ಒಂದೇ ಮಾತು ಹೇಳುತ್ತೇನೆ. ಪಟ್ಟದ ಗೊಂಬೆಗಳನ್ನು ತವರಿನವರು ಮದುವೆಯಲ್ಲಿ ಕೊಡುತ್ತಾರೆ, ಚನ್ನಪಟ್ಟಣದ, ಕಿನ್ನಾಳದ ಗೊಂಬೆಗಳನ್ನು ಕೊಂಡು ಸೇರಿಸುತ್ತೇವೆ. ಆದರೆ ಪಟ್ಟದ ರಾಜ ರಾಣಿಗೆ ಪ್ರತಿ ವರ್ಷ ಹೊಸ ಬಟ್ಟೆ ಹೊಲಿಯುವುದು, ಹರಿದ ರೇಷ್ಮೆ ಸೀರೆಯ ಜರಿ ಅಂಚನ್ನು ಎತ್ತಿಟ್ಟು ಪೇಟ ಮಾಡುವುದು, ಅದು ಮನೆಯ ಕೆಲಸ. ನಮ್ಮ ರಾಣಿಯ ಸೆರಗಿನಲ್ಲಿ ನನ್ನ ಅಜ್ಜಿಯ ಧಾರೆ ಸೀರೆಯ ಚೂರು ಇದೆ. ಇನ್ನು ಗೊಂಬೆಗಳ ಮುಂದಿನ ಪಾರ್ಕು. ಮಹಾಲಯ ಅಮಾವಾಸ್ಯೆಗೆ ಒಂದು ವಾರ ಮುಂಚೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ, ಸಾಸಿವೆ ಚೆಲ್ಲಿದರೆ ಪಾಡ್ಯದ ಹೊತ್ತಿಗೆ ಹಸಿರು ಹುಲ್ಲು ಎದ್ದಿರುತ್ತದೆ. ಮರೆತರೆ ಪ್ಲಾಸ್ಟಿಕ್ ಹುಲ್ಲು ತರಬೇಕಾಗುತ್ತದೆ.

ಇದೇ ರಾಗಿಯನ್ನು ನಾನು ಡಿಸೆಂಬರಿನಲ್ಲಿ ಇನ್ನೊಂದು ಮನೆಯಲ್ಲಿ ನೋಡಿದೆ. ನಮ್ಮ ಮಹಡಿಯಲ್ಲಿ ಒಂದು ಕ್ರೈಸ್ತ ಕುಟುಂಬ ಇದೆ, ಅವರ ಮನೆಯ ಆಂಟಿ ತಿಂಗಳ ಮೊದಲ ವಾರದಲ್ಲೇ ಗೋದಲಿಗೆ ಅಂತ ರಾಗಿ ಚೆಲ್ಲುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಬಾಲಯೇಸುವಿನ ಸುತ್ತ ಎಳೆ ಹಸಿರು. ಅದೇ ದಿನಗಳಲ್ಲಿ ಅವರ ಮನೆಯವರೆಲ್ಲ ಊಟದ ಮೇಜಿನ ಸುತ್ತ ಕೂತು ಹಿಟ್ಟಿನ ಪುಟ್ಟ ಉಂಡೆಗಳನ್ನು ಫೋರ್ಕಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಮಾಡಿ ಕಲ್‌ಕಲ್ ಮಾಡುತ್ತಾರೆ. ಒಂದು ವರ್ಷ ನನ್ನನ್ನೂ ಕೂರಿಸಿಕೊಂಡರು. ರೋಸ್ ಕುಕಿಯ ಕಬ್ಬಿಣದ ಅಚ್ಚನ್ನು ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು, ಪೂರ್ತಿ ಮುಳುಗಿಸಿದರೆ ಬಿಡಿಸಲು ಬರುವುದಿಲ್ಲ ಅಂತ ಆಂಟಿ ತೋರಿಸಿಕೊಟ್ಟರು. ನಾನು ಸಂಕ್ರಾಂತಿಗೆ ಅವರ ಮೊಮ್ಮಗಳನ್ನು ಕರೆದು ಅಚ್ಚು ಕಟ್ಟಿಸಿದೆ. ಕೆಳಗಿನ ಮಹಡಿಯ ಮುಸ್ಲಿಂ ಕುಟುಂಬದಿಂದ ರಂಜಾನಿಗೆ ಶೀರ್ ಖುರ್ಮಾ ಬರುತ್ತದೆ, ಪಾತ್ರೆ ವಾಪಸ್ ಕೊಡುವಾಗ ನಾವು ಖಾಲಿ ಕೊಡುವುದಿಲ್ಲ. ಬೆಂಗಳೂರಿನಲ್ಲಿ ಇಷ್ಟೊಂದು ಮನೆಗಳಲ್ಲಿ ಇಷ್ಟೊಂದು ಬಗೆಯ ಕೈಕೆಲಸ ಇದೆ, ನಿಮ್ಮ ಪುರವಣಿಯಲ್ಲಿ ಇವು ಯಾಕೆ ಬರಬಾರದು?

ಸಂಪಾದಕರೇ, ಹೇಗೆ ಮಾಡಬಹುದು ಅಂತಲೂ ಯೋಚಿಸಿದ್ದೇನೆ. ಹಬ್ಬಕ್ಕೆ ಮೂರು ವಾರ ಇರುವಾಗ ಭಾನುವಾರದ ಪತ್ರಿಕೆಯಲ್ಲಿ ಅರ್ಧ ಪುಟ ಸಾಕು. ಓದುಗರಿಂದಲೇ ಬರೆಸಿ. ಚಂದದ ಫೋಟೊ ಇಲ್ಲದಿದ್ದರೂ ಪರವಾಗಿಲ್ಲ, ಅಳತೆ ಸರಿಯಾಗಿರಲಿ. "ಬೇಕಾದಷ್ಟು ಹಾಕಿ" ಅಂದರೆ ಹೊಸಬರಿಗೆ ಏನೂ ತಿಳಿಯುವುದಿಲ್ಲ. ಪಾವು, ಲೋಟ, ಗ್ರಾಂ ಯಾವುದಾದರೂ ಸರಿ, ಒಂದನ್ನು ಬರೆಯಲಿ. ಯಾವ ಕೆಲಸ ಎಷ್ಟು ದಿನ ಮುಂಚೆ ಆಗಬೇಕು, ಯಾವುದನ್ನು ಮಕ್ಕಳ ಕೈಗೆ ಕೊಡಬಹುದು, ಯಾವುದನ್ನು ಕೊಡಬಾರದು, ಎಲ್ಲಿ ಕೆಡುತ್ತದೆ, ಕೆಟ್ಟರೆ ಏನು ಮಾಡಬೇಕು, ಇಷ್ಟು ಇರಲಿ. ಬರೆಯಲು ಬಾರದ ಹಿರಿಯರು ಹೇಳಿದ್ದನ್ನು ಮೊಮ್ಮಕ್ಕಳು ಬರೆದು ಕಳಿಸಲಿ, ಆ ನೆಪದಲ್ಲಾದರೂ ಇಬ್ಬರೂ ಒಂದು ಗಂಟೆ ಜೊತೆಗೆ ಕೂರುತ್ತಾರೆ. ಒಂದೇ ತಿಂಡಿಗೆ ಮಂಗಳೂರಿನವರದು ಒಂದು, ಧಾರವಾಡದವರದು ಒಂದು, ಕೋಲಾರದವರದು ಒಂದು ವಿಧಾನ ಬಂದರೆ ಎಲ್ಲವನ್ನೂ ಹಾಕಿ. ಯಾವುದು ಸರಿ ಅಂತ ತೀರ್ಪು ಕೊಡಬೇಡಿ. ಎಲ್ಲವೂ ಯಾರದೋ ಮನೆಯ ರುಚಿ.

ಅಪಾರ್ಟ್‌ಮೆಂಟ್ ಸಂಘಗಳವರಿಗೂ ಇದರ ಮೂಲಕ ಒಂದು ಮಾತು. ಹಬ್ಬದ ಬಜೆಟ್ ಮೀಟಿಂಗನ್ನು ಒಂದು ತಿಂಗಳು ಮುಂಚೆ ಇಡಿ. ಮೊದಲು ಮಕ್ಕಳನ್ನೂ ಅಜ್ಜಿ ತಾತಂದಿರನ್ನೂ ಏನು ಮಾಡಬಲ್ಲಿರಿ ಅಂತ ಕೇಳಿ, ಆಮೇಲೆ ಕಂಟ್ರಾಕ್ಟರನ್ನು ಕೇಳಿ. ಶಾಲೆಯ ಟೀಚರುಗಳಲ್ಲೂ ವಿನಂತಿ ಇದೆ. ಹಬ್ಬದ ಕ್ರಾಫ್ಟ್ ಅಂತ ಅಂಗಡಿಯ ರೆಡಿಮೇಡ್ ಕಿಟ್ ತರಿಸಬೇಡಿ. ಮನೆಯಲ್ಲಿ ಹಿರಿಯರು ಮಾಡುವ ಒಂದನ್ನು ನೋಡಿ ಕಲಿತು ಬನ್ನಿ ಅಂತ ಹೇಳಿ ಕಳಿಸಿ.

ಈ ಸಂಕ್ರಾಂತಿಗೆ ತಡವಾಯಿತು, ಇನ್ನು ಕೆಲವೇ ದಿನ ಉಳಿದಿದೆ. ಕಡಲೆಬೀಜ ಹುರಿದು ಬಿಡಿಸಿಕೊಳ್ಳಲು ಈಗಲೂ ಸಮಯ ಇದೆ, ಉಳಿದದ್ದನ್ನು ಕೊಂಡರೆ ಸಾಕು. ಯುಗಾದಿಗೆ ಮಾತ್ರ ಬೇಕಾದಷ್ಟು ಹೊತ್ತು ಇದೆ. ಶಿವರಾತ್ರಿಗೂ ಯುಗಾದಿಗೂ ನಡುವೆ ಹೆಚ್ಚುಕಡಿಮೆ ಒಂದು ತಿಂಗಳು ಸಿಗುತ್ತದೆ, ಬೆಂಗಳೂರಿನ ಬಿಸಿಲೂ ಆಗ ಸಂಡಿಗೆ ಒಣಗುವಷ್ಟು ಏರಿರುತ್ತದೆ. ಒಬ್ಬಟ್ಟಿನ ಊಟಕ್ಕೆ ಕರಿಯಲು ಮನೆಯ ಸಂಡಿಗೆ ಇದ್ದರೆ ಎಷ್ಟು ಚೆನ್ನ. ದಯವಿಟ್ಟು ಶಿವರಾತ್ರಿ ಕಳೆದ ಮೊದಲ ಭಾನುವಾರವೇ ಯುಗಾದಿಯ ಅರ್ಧ ಪುಟ ಹಾಕಿ. ನಮ್ಮಮ್ಮನ ಅರಳು ಸಂಡಿಗೆಯ ಅಳತೆಯನ್ನು ನಾನು ಅವರ ಪಕ್ಕದಲ್ಲಿ ಕೂತು ಬರೆದುಕೊಂಡು ಅಷ್ಟರೊಳಗೆ ನಿಮಗೆ ಕಳಿಸುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಿ,
ಕನಕಪುರ ರಸ್ತೆ, ಬೆಂಗಳೂರು